ಮಾಗಿಯ ಮಂಜಿನಲ್ಲಿ ಜಾತ್ರೆಯ ದಾರಿ

ಪುಷ್ಯಮಾಸ ಬಂತೆಂದರೆ ಕಪಿಲಾ ತೀರದ ಹಳ್ಳಿಗಳಲ್ಲಿ ಎರಡು ಕಾರ್ಯಗಳು ಒಟ್ಟಿಗೆ ಮೊದಲಾಗುತ್ತವೆ. ಒಂದು ಸುಗ್ಗಿ, ಇನ್ನೊಂದು ಸುತ್ತೂರು ಜಾತ್ರೆಯ ಸಿದ್ಧತೆ. ಪುಷ್ಯ ಬಹುಳ ದ್ವಾದಶಿಯಿಂದ ಮಾಘ ಶುದ್ಧ ಬಿದಿಗೆಯವರೆಗೆ ಆರು ದಿನಗಳ ಕಾಲ ಆದಿ ಜಗದ್ಗುರು ಶ್ರೀ ಶಿವರಾತ್ರೀಶ್ವರ ಶಿವಯೋಗಿಗಳವರ ಕ್ಷೇತ್ರದತ್ತ ನಾಡಿನ ನಾನಾ ಕಡೆಗಳಿಂದ ಭಕ್ತಜನ ಹರಿದುಬರುತ್ತಾರೆ. ರಥೋತ್ಸವ, ಕೊಂಡೋತ್ಸವ, ತೆಪ್ಪೋತ್ಸವ, ಸಾಮೂಹಿಕ ವಿವಾಹ, ದನಗಳ ಜಾತ್ರೆ, ಕುಸ್ತಿ, ಕೃಷಿಮೇಳ ಎಂದು ಮನೆಯ ಹಿರಿಯರಿಗೂ ಕಿರಿಯರಿಗೂ ಅಲ್ಲಿ ಏನಾದರೊಂದು ಆಕರ್ಷಣೆ ಇದ್ದೇ ಇರುತ್ತದೆ. ಇದೇ ಕಾಲದಲ್ಲಿ ತಿರುಮಕೂಡಲು ನರಸೀಪುರ ತಾಲ್ಲೂಕಿನ ಮುಡುಕುತೊರೆಯಲ್ಲಿ ಮಲ್ಲಿಕಾರ್ಜುನಸ್ವಾಮಿಯ ಜಾತ್ರೆಯೂ ಹತ್ತಿರವಾಗಿರುತ್ತದೆ. ಒಟ್ಟಿನಲ್ಲಿ ನಂಜನಗೂಡು, ನರಸೀಪುರ ತಾಲ್ಲೂಕುಗಳ ರಸ್ತೆಗಳು ವರ್ಷದಲ್ಲಿ ಅತ್ಯಂತ ತುಂಬಿ ಹರಿಯುವ ಕಾಲ ಇದು.

ಆದರೆ ಇದೇ ಕಾಲ ಮಾಗಿಯ ಚಳಿಯ ಕಾಲವೂ ಹೌದು. ಬೆಳಗಿನ ಜಾವದಲ್ಲಿ ಗದ್ದೆಬಯಲಿನ ಮೇಲೆ ಕಾವಳ ಕವಿದು, ಹತ್ತು ಮಾರು ದೂರದ ಮರವೂ ಕಾಣದಂತಾಗುತ್ತದೆ. ಇಬ್ಬನಿಗೆ ರಸ್ತೆ ಒದ್ದೆಯಾಗುತ್ತದೆ. ಕಬ್ಬಿನ ಗಾಡಿಗಳು ರಾತ್ರಿಯೆಲ್ಲ ಓಡಾಡುತ್ತವೆ. ಹುರುಳಿ, ರಾಗಿಗಳ ಒಕ್ಕಣೆ ಟಾರು ರಸ್ತೆಯ ಮೇಲೆಯೇ ನಡೆಯುತ್ತದೆ. ಇನ್ನೊಂದು ಸಂಗತಿಯನ್ನು ಬಹಳ ಮಂದಿ ಗಮನಿಸಿರಲಾರರು. ಜಾತ್ರೆಯ ಆರು ದಿನಗಳ ನಡುವೆ ಅಮಾವಾಸ್ಯೆ ಬರುತ್ತದೆ. ಆದುದರಿಂದ ಜಾತ್ರೆಗೆ ಹೋಗಿಬರುವ ರಾತ್ರಿಗಳಲ್ಲಿ ದಾರಿಹೋಕನಿಗೆ ಬೆಳದಿಂಗಳ ನೆರವೂ ಇರುವುದಿಲ್ಲ.

ಭಕ್ತಿಯಿಂದ ಹೊರಟವರು ಸುಖವಾಗಿ ಮನೆಗೆ ಮರಳಬೇಕಾದರೆ ಚಳಿಗಾಲದ ರಸ್ತೆಯ ಸ್ವಭಾವವನ್ನು ಅರಿತಿರಬೇಕು. ಚಾಲಕರು ಮಾತ್ರವಲ್ಲ, ಪ್ರಯಾಣದ ವೇಳೆಯನ್ನು ಗೊತ್ತುಮಾಡುವ ಮನೆಯ ಯಜಮಾನರೂ ತಾಯಂದಿರೂ ಅರಿಯಬೇಕಾದ ಕೆಲವು ವಿಚಾರಗಳನ್ನು ಇಲ್ಲಿ ನಿರೂಪಿಸಿದೆ.

ಮಂಜು ಹೇಗೆ ಕವಿಯುತ್ತದೆ?

ಮೋಡವಿಲ್ಲದ, ಗಾಳಿಯಿಲ್ಲದ ಚಳಿಗಾಲದ ರಾತ್ರಿಯಲ್ಲಿ ನೆಲವು ಹಗಲು ಹೀರಿಕೊಂಡ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಬೇಗನೆ ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣಿಯುತ್ತದೆ. ತಣಿದ ಗಾಳಿ ತನ್ನಲ್ಲಿರುವ ನೀರಾವಿಯನ್ನು ಹಿಡಿದಿಟ್ಟುಕೊಳ್ಳಲಾರದೆ ಅದನ್ನು ಅತಿ ಸೂಕ್ಷ್ಮ ಹನಿಗಳಾಗಿ ಬಿಡುತ್ತದೆ. ಆ ಹನಿಗಳ ರಾಶಿಯೇ ಮಂಜು. ತೇವ ಹೆಚ್ಚಿದ್ದಲ್ಲಿ ಮಂಜೂ ಹೆಚ್ಚು. ಕಪಿಲೆ, ಕಾವೇರಿಗಳ ದಂಡೆ, ಕಬಿನಿ ಮತ್ತು ವರುಣಾ ನಾಲೆಗಳ ಬಯಲು, ನೀರು ನಿಂತ ಗದ್ದೆ, ಕೆರೆಯ ಏರಿ ಇವೆಲ್ಲವೂ ಮಂಜಿನ ತವರುಗಳು. ಮೈಸೂರಿನಿಂದ ಹೊರಟಾಗ ಆಕಾಶ ಶುಭ್ರವಾಗಿದ್ದರೂ ಹೊಳೆಯ ಸೇತುವೆಯನ್ನು ಸಮೀಪಿಸಿದೊಡನೆ ಬಿಳಿಯ ಗೋಡೆಯೊಳಗೆ ನುಗ್ಗಿದಂತಾಗುವುದು ಈ ಕಾರಣದಿಂದಲೇ.

ಹವಾಮಾನ ಇಲಾಖೆಯವರು ಕಣ್ಣಿಗೆ ಕಾಣುವ ದೂರ 1000 ಮೀಟರಿಗಿಂತ ಕಡಿಮೆಯಾದಾಗ ಅದನ್ನು ಮಂಜು ಎಂದೂ, 200 ಮೀಟರಿಗಿಂತ ಕಡಿಮೆಯಾದಾಗ ದಟ್ಟ ಮಂಜು ಎಂದೂ, 50 ಮೀಟರಿಗೂ ಇಳಿದಾಗ ಅತಿ ದಟ್ಟ ಮಂಜು ಎಂದೂ ಗುರುತಿಸುತ್ತಾರೆ. ಸಾಮಾನ್ಯವಾಗಿ ಬೆಳಗಿನ ನಾಲ್ಕು ಗಂಟೆಯಿಂದ ಎಂಟು ಗಂಟೆಯವರೆಗಿನ ಅವಧಿಯಲ್ಲಿ ಇದರ ಬಾಧೆ ಹೆಚ್ಚು. ಬಿಸಿಲೇರಿ ನೆಲ ಕಾದಂತೆ ಮಂಜು ತಾನಾಗಿಯೇ ಕರಗುತ್ತದೆ. ಒಂದೆರಡು ಗಂಟೆ ತಡವಾಗಿ ಹೊರಡುವ ತಾಳ್ಮೆಯೊಂದಿದ್ದರೆ ಅರ್ಧ ಅಪಾಯ ಹೊರಡುವ ಮೊದಲೇ ಕಳೆಯಿತೆಂದು ತಿಳಿಯಬಹುದು.

ವೇಗದ ಲೆಕ್ಕ

ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುವ ವಾಹನ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಮುಂದೆ ಸಾಗುತ್ತದೆ. ಎದುರಿಗೆ ಅಡ್ಡಿಯೊಂದು ಕಂಡು, ಅದು ಮನಸ್ಸಿಗೆ ತಿಳಿದು, ಕಾಲು ಬ್ರೇಕನ್ನು ಒತ್ತುವಷ್ಟರಲ್ಲಿ ಒಂದೂವರೆ ಸೆಕೆಂಡ್ ಕಳೆಯುತ್ತದೆಂದು ಇಟ್ಟುಕೊಂಡರೂ ಅಷ್ಟರಲ್ಲೇ 25 ಮೀಟರ್ ದಾಟಿಯಾಯಿತು. ಬ್ರೇಕು ಹಿಡಿದ ಮೇಲೆ ಒಣ ರಸ್ತೆಯಲ್ಲಿ ನಿಲ್ಲಲು ಇನ್ನೂ ಸುಮಾರು 20 ಮೀಟರ್ ಬೇಕು; ಇಬ್ಬನಿಯಿಂದ ತೋಯ್ದ ರಸ್ತೆಯಲ್ಲಿ 35 ಮೀಟರಿನಷ್ಟು ಬೇಕು. ಅಂದರೆ ಒಟ್ಟು 60 ಮೀಟರ್. ಕಾಣುವುದೇ 50 ಮೀಟರ್ ಆಗಿರುವಾಗ 60 ಮೀಟರಿನಲ್ಲಿ ನಿಲ್ಲುವ ವಾಹನವನ್ನು ಎಷ್ಟೇ ನಿಪುಣ ಚಾಲಕನೂ ಅಪಘಾತದಿಂದ ತಪ್ಪಿಸಲಾರ.

ಅದೇ ವಾಹನ 30 ಕಿಲೋಮೀಟರ್ ವೇಗದಲ್ಲಿದ್ದರೆ ಒದ್ದೆ ರಸ್ತೆಯಲ್ಲಿಯೂ ಸುಮಾರು 22 ಮೀಟರಿನೊಳಗೆ ನಿಲ್ಲುತ್ತದೆ. ವೇಗ ಇಮ್ಮಡಿಯಾದರೆ ಬ್ರೇಕು ಹಿಡಿದ ಮೇಲೆ ಓಡುವ ದೂರ ಇಮ್ಮಡಿಯಲ್ಲ, ನಾಲ್ಕು ಪಟ್ಟಾಗುತ್ತದೆ. ಆದುದರಿಂದ ಮಂಜಿನಲ್ಲಿ ಅನುಸರಿಸಬೇಕಾದ ಮೊದಲ ನಿಯಮ ಬಹು ಸರಳವಾದುದು: ಕಣ್ಣಿಗೆ ಕಾಣುವಷ್ಟು ದೂರದೊಳಗೆ ನಿಲ್ಲಿಸಬಲ್ಲ ವೇಗವೇ ಸರಿಯಾದ ವೇಗ.

ಈ ನಿಯಮವನ್ನು ಮೀರಿದರೆ ಏನಾಗಬಹುದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2023ರ ಅಕ್ಟೋಬರ್ 26ರ ಬೆಳಿಗ್ಗೆ ಚಿಕ್ಕಬಳ್ಳಾಪುರದ ಬಳಿ ರಾಷ್ಟ್ರೀಯ ಹೆದ್ದಾರಿಯಲ್ಲಿ ನಿಂತಿದ್ದ ಟ್ಯಾಂಕರ್ ಲಾರಿಗೆ ಹಿಂದಿನಿಂದ ಟಾಟಾ ಸುಮೋ ವಾಹನ ಅಪ್ಪಳಿಸಿ 13 ಮಂದಿ ಅಸುನೀಗಿದರು. ಆ ವೇಳೆ ದಾರಿಯಲ್ಲಿ ಮಂಜು ಮುಸುಕಿತ್ತೆಂದು ಅಂದಿನ ವರದಿಗಳು ತಿಳಿಸಿದವು. ಅದೇ ವರ್ಷದ ಮೇ 29ರಂದು, ಮಂಜಿನ ಕಾಲವಲ್ಲದಿದ್ದರೂ, ನಮ್ಮ ನರಸೀಪುರ ತಾಲ್ಲೂಕಿನ ಕುರುಬೂರಿನ ಬಳಿ ಬಸ್ಸಿಗೂ ಕಾರಿಗೂ ಡಿಕ್ಕಿಯಾಗಿ ಮಲೆಯ ಮಹದೇಶ್ವರನ ದರ್ಶನ ಮುಗಿಸಿ ಮರಳುತ್ತಿದ್ದ 10 ಮಂದಿ ಪ್ರಾಣ ಕಳೆದುಕೊಂಡರು. ಹಗಲಿನಲ್ಲಿಯೇ ಇಷ್ಟು ನಿರ್ದಯವಾಗಬಲ್ಲ ರಸ್ತೆ ಕಾವಳದಲ್ಲಿ ಹೇಗಿರಬಹುದೆಂಬುದನ್ನು ಓದುಗರೇ ಊಹಿಸಬಹುದು.

ದೀಪದ ಬಳಕೆ

ಮಂಜಿನಲ್ಲಿ ದಾರಿ ಕಾಣದಾದಾಗ ಹೆಚ್ಚು ಬೆಳಕು ಬೇಕೆಂದು ತೋರುವುದು ಸಹಜ. ಅನೇಕರು ಮೇಲ್ದೀಪವನ್ನು, ಅಂದರೆ ಹೈ ಬೀಮನ್ನು ಹಾಕುತ್ತಾರೆ. ಇದರಿಂದ ಪ್ರಯೋಜನಕ್ಕಿಂತ ಕೇಡೇ ಹೆಚ್ಚು. ಮೇಲಕ್ಕೆ ಚೆಲ್ಲಿದ ಬೆಳಕು ಕೋಟ್ಯಂತರ ಹನಿಗಳಿಗೆ ಬಡಿದು ಚಾಲಕನ ಕಣ್ಣಿಗೇ ಹಿಂತಿರುಗುತ್ತದೆ. ಬೆಳಕನ್ನು ತಗ್ಗಿಸಿ, ಮಂಜಿನ ದೀಪಗಳಿದ್ದರೆ ಅವನ್ನೂ ಉರಿಸಿ, ರಸ್ತೆಯ ಎಡ ಅಂಚಿನ ಬಿಳಿ ಗೆರೆಯನ್ನು ಅನುಸರಿಸಿ ಸಾಗುವುದು ಕ್ರಮ. ನಡುಗೆರೆಯನ್ನೇ ನೋಡುತ್ತ ಸಾಗಿದರೆ ಎದುರಿನವನೂ ಹಾಗೆಯೇ ಬರುತ್ತಿರಬಹುದೆಂಬುದನ್ನು ಮರೆಯಲಾಗದು. ಮುಂದಿನ ವಾಹನದ ಕೆಂಪು ದೀಪವನ್ನು ನಂಬಿ ಅದರ ಬೆನ್ನಿಗೆ ಅಂಟಿಕೊಂಡು ಹೋಗುವುದೂ ಅಪಾಯಕರ. ಆತ ದಾರಿ ತಪ್ಪಿದರೆ ಹಿಂದಿನವನೂ ತಪ್ಪಿದಂತೆಯೇ.

ಗಾಜಿನ ಒಳಮೈಯಲ್ಲಿ ಉಸಿರಿನ ಆವಿ ಕಟ್ಟಿಕೊಳ್ಳುವುದು ಇನ್ನೊಂದು ತೊಡಕು. ಹವಾನಿಯಂತ್ರಣವಿರುವ ಕಾರುಗಳಲ್ಲಿ ಅದರ ಒಣಗಾಳಿಯನ್ನು ಮುಂದಿನ ಗಾಜಿಗೆ ಹಾಯಿಸಬೇಕು. ಅದಿಲ್ಲದಿದ್ದಲ್ಲಿ ಕಿಟಕಿಯನ್ನು ಎರಡು ಬೆರಳಿನಷ್ಟು ಇಳಿಸಿದರೆ ಆವಿ ಹೊರಗೆ ಹೋಗುತ್ತದೆ. ಕಿಟಕಿ ತೆರೆದಿದ್ದರೆ ಎದುರು ಬರುವ ವಾಹನದ ಸದ್ದೂ ಕೇಳುತ್ತದೆ. ಮಂಜಿನಲ್ಲಿ ಕಿವಿಯೂ ಕಣ್ಣಿನಷ್ಟೇ ಉಪಕಾರಿ. ಆದುದರಿಂದ ಅಂತಹ ಹೊತ್ತಿನಲ್ಲಿ ಹಾಡು, ಹರಟೆಗಳನ್ನು ನಿಲ್ಲಿಸುವುದು ಲೇಸು.

ಮುಂದೆ ಸಾಗಲು ಸಾಧ್ಯವೇ ಇಲ್ಲವೆನಿಸಿದರೆ ರಸ್ತೆಯ ಮೇಲೆ ನಿಲ್ಲಬಾರದು. ಪೆಟ್ರೋಲ್ ಬಂಕ್, ಹೋಟೆಲಿನ ಅಂಗಳ, ಊರಿನ ಬಸ್ ನಿಲ್ದಾಣ ಮುಂತಾದ ಕಡೆ ಪೂರ್ಣವಾಗಿ ರಸ್ತೆ ಬಿಟ್ಟು ನಿಲ್ಲಿಸಬೇಕು. ಕೆಟ್ಟು ನಿಲ್ಲುವ ಪ್ರಸಂಗ ಬಂದರೆ ನಾಲ್ಕೂ ಸೂಚಕ ದೀಪಗಳನ್ನು ಮಿನುಗಿಸಿ, ಹೊಳೆಯುವ ತ್ರಿಕೋನ ಫಲಕವನ್ನು ಹಿಂದೆ ದೂರದಲ್ಲಿಟ್ಟು, ಹೆಂಗಸರು ಮಕ್ಕಳನ್ನು ವಾಹನದಿಂದ ಇಳಿಸಿ ರಸ್ತೆಯಿಂದಾಚೆ ನಿಲ್ಲಿಸಬೇಕು. ಚಳಿಯೆಂದು ಒಳಗೇ ಕುಳಿತಿರುವುದು ಸಲ್ಲದು.

ರಸ್ತೆಯ ಮೇಲಿನ ಒಕ್ಕಣೆ

ಹಿಮದ ನಾಡುಗಳಲ್ಲಿ ರಸ್ತೆಯ ಮೇಲೆ ನೀರು ಹೆಪ್ಪುಗಟ್ಟಿ ವಾಹನಗಳು ಜಾರುತ್ತವೆಂದು ಕೇಳುತ್ತೇವೆ. ನಮ್ಮ ಸೀಮೆಯಲ್ಲಿ ಹಿಮವಿಲ್ಲ. ಆದರೆ ಹುರುಳಿಯ ಸೊಪ್ಪು ಇದೆ. ಸುಗ್ಗಿಯ ಕಾಲದಲ್ಲಿ ನಂಜನಗೂಡು, ನರಸೀಪುರ, ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ರಸ್ತೆಗಳಲ್ಲಿ ಮೊಣಕಾಲುದ್ದ ಹರಡಿದ ಹುರುಳಿ, ರಾಗಿಹುಲ್ಲುಗಳ ಮೇಲೆ ದ್ವಿಚಕ್ರ ವಾಹನವನ್ನು ಓಡಿಸಿದವರಿಗೆ ಹಿಮದ ಮೇಲೆ ಓಡಿಸುವುದೆಂದರೇನೆಂದು ವಿವರಿಸಬೇಕಾಗಿಲ್ಲ. ಚಕ್ರಕ್ಕೂ ನೆಲಕ್ಕೂ ನಡುವೆ ಹುಲ್ಲಿನ ಪದರ ಬಂದೊಡನೆ ಹಿಡಿತ ತಪ್ಪುತ್ತದೆ. ಇಬ್ಬನಿ ಬಿದ್ದ ಹುಲ್ಲಾದರೆ ಜಾರುವಿಕೆ ಮತ್ತಷ್ಟು ಹೆಚ್ಚು. ಒಣಹುಲ್ಲು ಕಾರಿನ ಅಡಿಯಲ್ಲಿ ಅಚ್ಚಿಗೆ ಸುತ್ತಿಕೊಂಡು, ಕಾದ ಹೊಗೆಕೊಳವೆಗೆ ತಗುಲಿ ಬೆಂಕಿ ಹೊತ್ತಿಕೊಳ್ಳುವ ಭಯ ಬೇರೆ. ಒಕ್ಕಣೆಯ ಅಂಚಿಗೆ ಇಟ್ಟ ಕಲ್ಲುಗುಂಡುಗಳೂ ಮುಳ್ಳುಕೊಂಬೆಗಳೂ ಸಂಜೆಯ ಮೇಲೆ ಅಲ್ಲಿಯೇ ಉಳಿದರೆ ಮಂಜಿನಲ್ಲಿ ಬರುವವನಿಗೆ ಅವು ಮೃತ್ಯುವೇ ಸರಿ.

ಇದನ್ನು ರೈತರ ತಪ್ಪೆಂದು ಹೇಳಿ ಮುಗಿಸುವುದು ನ್ಯಾಯವಲ್ಲ. ಹಿಂದೆ ಹೊಲದಲ್ಲಿ ಸಗಣಿ ಸಾರಿಸಿದ ಕಣವಿರುತ್ತಿತ್ತು. ರೋಣಗಲ್ಲು ಎಳೆಯುವ ಎತ್ತುಗಳಿರುತ್ತಿದ್ದವು. ಹಂತಿ ಹೂಡುವ ಆಳುಗಳಿರುತ್ತಿದ್ದರು. ಇಂದು ಎತ್ತುಗಳು ಕಡಿಮೆಯಾಗಿವೆ, ಕೂಲಿಯಾಳು ಸಿಗುವುದು ಕಷ್ಟ, ಹಿಡುವಳಿಗಳು ಚಿಕ್ಕವಾಗಿ ಕಣಕ್ಕೆ ಜಾಗವೂ ಇಲ್ಲ. ಓಡಾಡುವ ವಾಹನಗಳ ಚಕ್ರವೇ ಕಾಸು ಕೇಳದ ರೋಣಗಲ್ಲಾಗಿದೆ. ಆದರೂ ವರ್ಷದ ಅನ್ನವನ್ನು ಒಕ್ಕುವ ನೆಲದಲ್ಲಿ ಯಾರದೋ ಮನೆಯ ಮಗ ಬಿದ್ದು ಸಾಯುವಂತಾದರೆ ಆ ಅನ್ನ ಹೇಗೆ ರುಚಿಸೀತು? ಊರಿನವರು ಸೇರಿ ಗ್ರಾಮ ಪಂಚಾಯಿತಿಯ ಮುಖಾಂತರ ಸಾಮೂಹಿಕ ಒಕ್ಕಣೆಯ ಕಣವನ್ನು ಕಟ್ಟಿಸಿಕೊಂಡ ಉದಾಹರಣೆಗಳು ನಮ್ಮ ನಾಡಿನಲ್ಲಿಯೇ ಇವೆ. ಅಂತಹ ಕಣವಿಲ್ಲದ ಊರುಗಳಲ್ಲಿ ದೇವಸ್ಥಾನದ ಮುಂದಿನ ಬಯಲು, ಶಾಲೆಗೆ ರಜೆಯಿರುವಾಗ ಅದರ ಮೈದಾನ ಮುಂತಾದುವನ್ನು ಬಳಸಿಕೊಳ್ಳುವ ಬಗ್ಗೆ ಹಿರಿಯರು ಯೋಚಿಸಬೇಕು. ಏನೂ ಆಗದಿದ್ದರೆ ಸೂರ್ಯ ಮುಳುಗುವ ಮೊದಲು ಹುಲ್ಲನ್ನೂ ಕಲ್ಲನ್ನೂ ತೆಗೆದು ರಸ್ತೆಯನ್ನು ಗುಡಿಸಿಬಿಡುವ ಕರ್ತವ್ಯವನ್ನಾದರೂ ಪಾಲಿಸಬೇಕು.

ಚಾಲಕರಾದರೂ ಹುಲ್ಲು ಹಾಸಿದ ಕಡೆ ದೂರದಿಂದಲೇ ವೇಗ ತಗ್ಗಿಸಿ, ಅದರ ಮೇಲೆ ಬ್ರೇಕನ್ನು ಹಿಡಿಯದೆ, ಹ್ಯಾಂಡಲನ್ನು ತಿರುಗಿಸದೆ ನೆಟ್ಟಗೆ ದಾಟಬೇಕು. ವಾಹನ ಜಾರತೊಡಗಿದರೆ ಗಾಬರಿಯಿಂದ ಬ್ರೇಕು ತುಳಿಯದೆ, ವೇಗವರ್ಧಕದಿಂದ ಕಾಲು ತೆಗೆದು, ಹೋಗಬೇಕಾದ ದಿಕ್ಕಿನತ್ತ ಚಕ್ರವನ್ನು ಮೆಲ್ಲಗೆ ತಿರುಗಿಸಬೇಕು. ಹುಲ್ಲು ದಾಟಿದ ಮೇಲೆ ಸುಟ್ಟ ವಾಸನೆ ಬಂದರೆ ತಕ್ಷಣ ನಿಲ್ಲಿಸಿ ಎಲ್ಲರೂ ಇಳಿದು ಅಡಿಯನ್ನು ಪರೀಕ್ಷಿಸಬೇಕು.

ಕಬ್ಬಿನ ಗಾಡಿ, ದನಗಳು, ಪಾದಯಾತ್ರಿಗಳು

ಅಳಗಂಚಿಯ ಸಕ್ಕರೆ ಕಾರ್ಖಾನೆಯ ಕಡೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರುಗಳಲ್ಲಿ ಹಿಂದಿನ ದೀಪಗಳು ಇದ್ದರೂ ಹೊರಚಾಚಿದ ಕಬ್ಬಿನ ಸೋಗೆ ಅವನ್ನು ಮುಚ್ಚಿಬಿಡುತ್ತದೆ. ಎತ್ತಿನ ಗಾಡಿಗಳಿಗಂತೂ ದೀಪವೇ ಇಲ್ಲ. ಹಿಂದಿನವರು ಗಾಡಿಯ ಅಡಿಯಲ್ಲಿ ಲಾಟೀನು ಕಟ್ಟಿಕೊಂಡು ಹೋಗುತ್ತಿದ್ದರು. ಆ ಪದ್ಧತಿ ಬಿಟ್ಟುಹೋಯಿತು, ಅದರ ಜಾಗಕ್ಕೆ ಬೇರೊಂದು ಬರಲಿಲ್ಲ. ಬೆಳಕು ಬಿದ್ದರೆ ಹೊಳೆಯುವ ಕೆಂಪು ಪಟ್ಟಿಯನ್ನು ಗಾಡಿಯ ಹಿಂಬದಿಗೂ ಟ್ರೇಲರಿನ ನಾಲ್ಕು ಮೂಲೆಗಳಿಗೂ ಅಂಟಿಸಲು ತಗಲುವ ವೆಚ್ಚ ಅತ್ಯಲ್ಪ. ದನಗಳ ಜಾತ್ರೆಗೆ ಎತ್ತುಗಳನ್ನು ಸಿಂಗರಿಸಿ ಹೊಡೆದುಕೊಂಡು ಬರುವವರು ಅವುಗಳ ಕೊರಳಪಟ್ಟಿಗೂ ಇಂತಹ ಒಂದು ತುಂಡನ್ನು ಹೊಲಿದರೆ ಜೋಡೆತ್ತಿನ ಅಲಂಕಾರಕ್ಕೆ ಕುಂದೇನೂ ಬಾರದು.

ಕಾಲ್ನಡಿಗೆಯಲ್ಲಿ ಬರುವ ಭಕ್ತರು ರಸ್ತೆಯ ಬಲಬದಿಯಲ್ಲಿ, ಎದುರಿನಿಂದ ಬರುವ ವಾಹನ ಕಾಣುವಂತೆ ಸಾಲಾಗಿ ನಡೆಯಬೇಕು. ಚಳಿಗೆಂದು ಕರಿಯ ಕಂಬಳಿ ಹೊದ್ದವರು ಅದರ ಮೇಲೊಂದು ಬಿಳಿಯ ವಸ್ತ್ರವನ್ನು ಹೊದೆಯಬೇಕು. ಗುಂಪಿನ ಮೊದಲಿಗನ ಕೈಯಲ್ಲೂ ಕೊನೆಯವನ ಕೈಯಲ್ಲೂ ಟಾರ್ಚು ಇರಬೇಕು.

ದ್ವಿಚಕ್ರ ವಾಹನದಲ್ಲಿ ಗಂಡ, ಹೆಂಡತಿ, ನಡುವೆ ಮಗು ಎಂದು ಹೊರಡುವ ಸಂಸಾರಗಳು ಹೆಚ್ಚು. ಚಳಿಗಾಳಿಗೆ ಬೆರಳು ಮರಗಟ್ಟಿದರೆ ಬ್ರೇಕು ಹಿಡಿಯಲು ತಡವಾಗುತ್ತದೆ. ಆದುದರಿಂದ ಕೈಚೀಲ ಅಗತ್ಯ. ಹಿಂದೆ ಕುಳಿತವರಿಗೂ ಹೆಲ್ಮೆಟ್ ಕಡ್ಡಾಯವೆಂಬ ನಿಯಮವನ್ನು ಕರ್ನಾಟಕದಲ್ಲಿ 2016ರಿಂದ ಜಾರಿಗೊಳಿಸಲಾಗಿದೆ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳನ್ನು ಕರೆದೊಯ್ಯುವಾಗ ಮಗುವಿಗೆ ಹೆಲ್ಮೆಟ್ಟೂ ಸುರಕ್ಷಾ ಪಟ್ಟಿಯೂ ಇರಬೇಕು, ವೇಗ 40 ಕಿಲೋಮೀಟರ್ ಮೀರಬಾರದು ಎಂಬ ನಿಯಮವನ್ನು ಕೇಂದ್ರ ಸರ್ಕಾರ 2022ರಲ್ಲಿ ಪ್ರಕಟಿಸಿತು. ಸೆರಗೂ ಶಾಲೂ ಚಕ್ರಕ್ಕೆ ಸಿಲುಕದಂತೆ ಬಿಗಿದುಕೊಳ್ಳುವುದನ್ನು ತಾಯಂದಿರು ಮರೆಯಬಾರದು.

ಲಾರಿ, ಟ್ರ್ಯಾಕ್ಟರ್, ಸರಕಿನ ಆಟೋಗಳಲ್ಲಿ ಊರಿನವರೆಲ್ಲ ತುಂಬಿಕೊಂಡು ಜಾತ್ರೆಗೆ ಹೋಗುವ ರೂಢಿಯನ್ನು ಈಗಲಾದರೂ ಬಿಡಬೇಕು. ಸರಕಿನ ವಾಹನದಲ್ಲಿ ಜನರನ್ನು ಸಾಗಿಸುವುದು ಕಾನೂನಿಗೆ ವಿರುದ್ಧ. ಅವಘಡವಾದರೆ ವಿಮೆಯ ಪರಿಹಾರಕ್ಕೂ ತೊಡಕು. ಜಾತ್ರೆಯ ದಿನಗಳಲ್ಲಿ ಸಾರಿಗೆ ಸಂಸ್ಥೆಯ ವಿಶೇಷ ಬಸ್ಸುಗಳು ಓಡುತ್ತವೆ. ಅವುಗಳ ಪ್ರಯೋಜನ ಪಡೆಯುವುದು ಎಲ್ಲ ರೀತಿಯಿಂದಲೂ ಕ್ಷೇಮ.

ಊಟಿಯ ದಾರಿಯಲ್ಲಿ

ಜಾತ್ರೆ ಮುಗಿಸಿಕೊಂಡು ಹಾಗೆಯೇ ಊಟಿಗೆ ಹೋಗಿಬರುವ ಕುಟುಂಬಗಳೂ ಉಂಟು. ಸಮುದ್ರ ಮಟ್ಟದಿಂದ ಸುಮಾರು 2240 ಮೀಟರ್ ಎತ್ತರದ ಆ ಊರಿನ ಆಸುಪಾಸಿನಲ್ಲಿ ಡಿಸೆಂಬರ್, ಜನವರಿಗಳ ಬೆಳಗಿನ ಜಾವ ಉಷ್ಣತೆ ಸೊನ್ನೆಯ ಹತ್ತಿರಕ್ಕೆ ಇಳಿದು, ಹುಲ್ಲಿನ ಮೇಲೂ ನಿಂತ ವಾಹನದ ಗಾಜಿನ ಮೇಲೂ ಬಿಳಿಯ ಹೆಪ್ಪು ಕಟ್ಟುತ್ತದೆ. ಗಾಜಿನ ಮೇಲಿನ ಹೆಪ್ಪನ್ನು ಕರಗಿಸಲು ಬಿಸಿನೀರು ಎರಚಿದರೆ ಗಾಜು ಸೀಳಬಹುದು. ಪ್ಲಾಸ್ಟಿಕ್ಕಿನ ತುಣುಕಿನಿಂದ ಕೆರೆದು ತೆಗೆಯಬೇಕು. ಮಸಣಿಗುಡಿಯ ಮಾರ್ಗದ ಕಲ್ಹಟ್ಟಿ ಘಾಟಿಯಲ್ಲಿ 36 ಕಡಿದಾದ ತಿರುವುಗಳಿವೆ. ಯಾವ ಗೇರಿನಲ್ಲಿ ಹತ್ತುತ್ತೇವೆಯೋ ಅದೇ ಗೇರಿನಲ್ಲಿ ಇಳಿಯಬೇಕೆಂಬುದು ಅನುಭವಿ ಚಾಲಕರ ಮಾತು. ಬ್ರೇಕನ್ನೇ ನಂಬಿ ಇಳಿದರೆ ಅದು ಕಾದು ಕೈಕೊಡುತ್ತದೆ. ಬಂಡೀಪುರದ ಕಾಡಿನ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಖಾಸಗಿ ವಾಹನಗಳಿಗೆ 2009ರಿಂದ ನಿರ್ಬಂಧವಿದೆ. ಗೇಟು ಮುಚ್ಚುವುದರೊಳಗೆ ತಲುಪಬೇಕೆಂಬ ಅವಸರದಲ್ಲಿ ಓಡಿಸುವುದಕ್ಕಿಂತ ಗುಂಡ್ಲುಪೇಟೆಯಲ್ಲಿಯೇ ತಂಗುವುದು ಬುದ್ಧಿವಂತಿಕೆ.

ಹಿಮದ ನಾಡಿನಲ್ಲಿರುವ ನಮ್ಮವರು

ನಮ್ಮ ಸಮಾಜದ ಎಷ್ಟೋ ಮನೆಗಳ ಮಕ್ಕಳು ಇಂದು ಅಮೆರಿಕ, ಕೆನಡಾ, ಯೂರೋಪುಗಳಲ್ಲಿ ನೆಲೆಸಿದ್ದಾರೆ. ಅಲ್ಲಿಗೆ ಹೊಸದಾಗಿ ಹೋದವರಿಗೆ ಮೊದಲ ಚಳಿಗಾಲವೇ ದೊಡ್ಡ ಪರೀಕ್ಷೆ. ಹೆಪ್ಪುಗಟ್ಟಿದ ರಸ್ತೆಯಲ್ಲಿ ವಾಹನ ನಿಲ್ಲಲು ಒಣ ರಸ್ತೆಗಿಂತ ಹತ್ತು ಪಟ್ಟು ದೂರ ಬೇಕಾಗಬಹುದೆಂದು ಬ್ರಿಟನ್ನಿನ ಸಂಚಾರ ಕೈಪಿಡಿ ಎಚ್ಚರಿಸುತ್ತದೆ. ಕಣ್ಣಿಗೆ ಕಾಣುವ ಹಿಮಕ್ಕಿಂತ ಕಾಣದ ಹೆಪ್ಪು ಹೆಚ್ಚು ಭಯಂಕರ. ತೆಳುವಾಗಿ ಪಾರದರ್ಶಕವಾಗಿ ಕಟ್ಟಿದ ಮಂಜುಗಡ್ಡೆಯ ಅಡಿಯಲ್ಲಿ ಟಾರಿನ ಕಪ್ಪು ಕಾಣುವುದರಿಂದ ರಸ್ತೆ ಬರಿದೇ ಒದ್ದೆಯಾದಂತೆ ತೋರುತ್ತದೆ. ಸೇತುವೆಗಳ ಮೇಲೂ ಕೆಳಗೂ ತಣ್ಣನೆಯ ಗಾಳಿ ಆಡುವುದರಿಂದ ಮಿಕ್ಕ ರಸ್ತೆಗಿಂತ ಮೊದಲು ಅಲ್ಲಿಯೇ ಹೆಪ್ಪು ಕಟ್ಟುತ್ತದೆ.

ಆ ದೇಶಗಳಲ್ಲಿ ಚಳಿಗಾಲಕ್ಕೆ ಬೇರೆಯೇ ಟೈರುಗಳಿವೆ. ಸಾಧಾರಣ ಟೈರಿನ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಗಡಸಾಗತೊಡಗಿ ಹಿಡಿತ ಕಳೆದುಕೊಳ್ಳುತ್ತದೆ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಡ್ಡಾಯ. ನಾಲ್ಕೂ ಚಕ್ರಗಳಿಗೆ ಶಕ್ತಿ ಹಾಯುವ ಕಾರು ಹಿಮದಲ್ಲಿ ಹೊರಡಲು ನೆರವಾಗುತ್ತದೆಯೇ ಹೊರತು ನಿಲ್ಲಲು ನೆರವಾಗುವುದಿಲ್ಲವೆಂಬುದನ್ನು ಹೊಸಬರು ನೆನಪಿಡಬೇಕು. ಹಿಮದಲ್ಲಿ ಸಿಕ್ಕಿಬಿದ್ದಾಗ ಕಾರು ಬಿಟ್ಟು ನಡೆದುಹೋಗಬಾರದು. ಬಿಸಿಗಾಗಿ ಎಂಜಿನ್ ಚಾಲೂ ಮಾಡುವ ಮೊದಲು ಹೊಗೆಕೊಳವೆಯ ಬಾಯಿಗೆ ಕವಿದ ಹಿಮವನ್ನು ತೆಗೆಯಬೇಕು. ಇಲ್ಲವಾದರೆ ವಾಸನೆಯಿಲ್ಲದ ವಿಷಾನಿಲ ಒಳಸೇರಿ ನಿದ್ದೆಯಲ್ಲಿಯೇ ಪ್ರಾಣ ತೆಗೆಯುತ್ತದೆ. ಕಂಬಳಿ, ನೀರು, ತಿನಿಸು, ಸಲಿಕೆ ಇವು ಚಳಿಗಾಲದುದ್ದಕ್ಕೂ ಕಾರಿನಲ್ಲಿರಬೇಕು. ಇಲ್ಲಿಂದ ಮಕ್ಕಳ ಮನೆಗೆ ಹೋದ ತಂದೆತಾಯಿಗಳು "ಈ ಹೊತ್ತು ಹೋಗಲೇಬೇಕು" ಎಂದು ಒತ್ತಾಯಿಸದಿದ್ದರೆ ಅದೇ ದೊಡ್ಡ ಉಪಕಾರ.

ಮನೆಯ ಹಿರಿಯರ ಹೊಣೆ

ಅಪಘಾತದ ಹೊಣೆಯನ್ನು ಚಾಲಕನ ಮೇಲೆ ಹೊರಿಸುವುದು ವಾಡಿಕೆ. ಆದರೆ ಬಾಡಿಗೆ ವಾಹನದ ಚಾಲಕನಿಗೆ ವೇಳೆಯನ್ನು ಗೊತ್ತುಮಾಡುವವರು ಯಾರು? ರಾತ್ರಿಯಿಡೀ ಓಡಿಸಿ ಬಂದವನನ್ನು ಬೆಳಗಿನ ಜಾವ ಮತ್ತೆ ಎಬ್ಬಿಸುವವರು ಯಾರು? ಸಾಮೂಹಿಕ ವಿವಾಹದಲ್ಲಿ ಮಗಳ ಮದುವೆಯಿದ್ದರೆ ಮುಹೂರ್ತಕ್ಕೆ ತಲುಪುವ ಕಾತರ ಸಹಜವೇ. ಅಂತಹವರು ಹಿಂದಿನ ದಿನ ಹಗಲಿನಲ್ಲಿಯೇ ಹೊರಟು ಕ್ಷೇತ್ರದಲ್ಲಿ ತಂಗುವುದು ಉತ್ತಮ. ದಾಸೋಹದ ಸಾಲಿನಲ್ಲಿ ಎಲ್ಲರೂ ಪ್ರಸಾದ ಸ್ವೀಕರಿಸುವಾಗ ವಾಹನ ಕಾಯುತ್ತ ಕುಳಿತ ಚಾಲಕನನ್ನೂ ಕರೆದು ಕೂರಿಸಿ, ಆತನಿಗೆ ಆರೇಳು ಗಂಟೆಗಳ ನಿದ್ದೆಗೆ ಎಡೆಮಾಡಿಕೊಡುವುದು ನಮ್ಮ ಸಂಸ್ಕೃತಿಗೂ ಒಪ್ಪುವ ಮಾತು, ನಮ್ಮ ಪ್ರಾಣಕ್ಕೂ ಹಿತವಾದ ಮಾತು.

ದಾರಿಯಲ್ಲಿ ಅಪಘಾತ ಕಂಡರೆ ಪೊಲೀಸು, ಕೋರ್ಟು ಎಂದು ಹೆದರಿ ಮುಂದೆ ಸಾಗುವವರುಂಟು. ಸರ್ವೋಚ್ಚ ನ್ಯಾಯಾಲಯವು 2016ರಲ್ಲಿಯೇ ನೆರವಾಗುವವರ ರಕ್ಷಣೆಯ ಮಾರ್ಗಸೂಚಿಗಳಿಗೆ ಮನ್ನಣೆ ನೀಡಿತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯು ಅದಕ್ಕೆ ಕಾನೂನಿನ ಬಲ ಕೊಟ್ಟಿತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವನನ್ನು ಹೆಸರು ಹೇಳೆಂದು ಬಲವಂತಪಡಿಸುವಂತಿಲ್ಲ. 108ಕ್ಕೆ ಕರೆ ಮಾಡಿದರೆ ಅಂಬುಲೆನ್ಸ್, 112ಕ್ಕೆ ಕರೆ ಮಾಡಿದರೆ ಪೊಲೀಸರ ನೆರವು ದೊರೆಯುತ್ತದೆ. ಪೆಟ್ಟಾದ ಮೊದಲ ಒಂದು ಗಂಟೆಯಲ್ಲಿ ದೊರೆತ ಚಿಕಿತ್ಸೆಯೇ ಎಷ್ಟೋ ಜೀವಗಳನ್ನು ಉಳಿಸುತ್ತದೆ.

ಹೊರಡುವ ಮುನ್ನ

1. ದೀಪಗಳು, ಹಿಂಬದಿಯ ಕೆಂಪು ದೀಪ, ಸೂಚಕಗಳು, ವೈಪರ್, ಬ್ರೇಕುಗಳನ್ನು ಪರೀಕ್ಷಿಸಿ. ಗಾಜನ್ನು ಒಳಗೂ ಹೊರಗೂ ಒರೆಸಿ.
2. ಸವೆದ ಟೈರಿನಲ್ಲಿ ಪ್ರಯಾಣ ಹೊರಡಬೇಡಿ.
3. ಟಾರ್ಚು, ತ್ರಿಕೋನ ಫಲಕ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಕುಡಿಯುವ ನೀರು, ಒಂದು ಕಂಬಳಿ ಜೊತೆಯಲ್ಲಿರಲಿ.
4. ಸಾಧ್ಯವಾದಷ್ಟೂ ಬೆಳಿಗ್ಗೆ ಎಂಟರ ಮೇಲೆ ಹೊರಟು ಸಂಜೆ ಕತ್ತಲಾಗುವ ಮೊದಲು ತಲುಪಿ.
5. ಹಿಂದಿನ ಆಸನದವರೂ ಸೀಟ್ ಬೆಲ್ಟ್ ಧರಿಸಿ.
6. ತಡವಾಗುತ್ತದೆಂದು ಮನೆಗೆ ತಿಳಿಸಿಬಿಡಿ. ತಿಳಿಸಿದ ಮೇಲೆ ಅವಸರಪಡುವ ಕಾರಣವಿರುವುದಿಲ್ಲ.

ಜಾತ್ರೆಯ ತೇರು ಒಂದು ದಿನದಲ್ಲಿ ಮುಗಿದುಹೋಗುವುದಿಲ್ಲ. ಆರು ದಿನಗಳ ಉತ್ಸವದಲ್ಲಿ ಗದ್ದುಗೆಯ ದರ್ಶನಕ್ಕೆ ಎಲ್ಲರಿಗೂ ಎಡೆಯಿದೆ. ಒಂದು ಗಂಟೆ ತಡವಾಗಿ ಬಂದ ಭಕ್ತನಿಗೂ ಅಲ್ಲಿ ಪ್ರಸಾದ ಕಾದಿರುತ್ತದೆ. ಕಾವಳ ಹರಿದು ದಾರಿ ತಿಳಿಯಾದ ಮೇಲೆ ನಿಧಾನವಾಗಿ ಹೊರಟು, ನೆಮ್ಮದಿಯಾಗಿ ತಲುಪಿ, ಹೋದ ಮಂದಿ ಅಷ್ಟೂ ಮರಳಿ ತಮ್ಮ ಹೊಸ್ತಿಲು ತುಳಿಯುವಂತಾದರೆ ಜಾತ್ರೆಯ ಫಲ ಪೂರ್ಣವಾಗಿ ಸಂದಂತೆಯೇ.